ಪಬ್ಲಿಕ್ ಲ್ಯಾಂಡ್: ಎಲ್ಲರ ಜಮೀನು ಸರಿ, ದಾರಿ ಯಾರದ್ದು?

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಬೇಟೆಗೆ ಹೋಗುವವರ ಮಾತು ಕೇಳಿದರೆ ‘ಪಬ್ಲಿಕ್ ಲ್ಯಾಂಡ್’ ಅನ್ನೋದು ಪದೇ ಪದೇ ಕಿವಿಗೆ ಬೀಳುತ್ತದೆ. ಸರ್ಕಾರಿ ಜಮೀನು ಅಂದರೆ ಮುಗೀತಲ್ವಾ ಅನ್ನಿಸಬಹುದು. ಮುಗಿಯಲ್ಲ. ನಮ್ಮ ಕಡೆ ಅರಣ್ಯ ಇಲಾಖೆಯ ಜಾಗ ಅಂದರೆ ಪ್ರವೇಶ ನಿಷೇಧದ ಬೋರ್ಡೇ ಮೊದಲು ನೆನಪಾಗುತ್ತದೆ, ಬೇಟೆಯಂತೂ 1972ರ ಕಾಯ್ದೆಯ ನಂತರ ಅಪರಾಧ. ಅಲ್ಲಿ ಲೆಕ್ಕ ಉಲ್ಟಾ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಎಲ್ಲರೂ ಬಿಎಲ್‌ಎಂ ಅನ್ನುವ ಕೇಂದ್ರ ಸರ್ಕಾರದ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ಅದರ ಬಹುಪಾಲಿನಲ್ಲಿ ಯಾರು ಬೇಕಾದರೂ ನಡೆಯಬಹುದು, ಟೆಂಟ್ ಹಾಕಬಹುದು, ಲೈಸೆನ್ಸ್ ಇದ್ದರೆ ಬೇಟೆಯಾಡಬಹುದು. ಅದೇ ನೆಲದಲ್ಲಿ ರಾಂಚ್‌ನವರ, ಅಂದರೆ ದೊಡ್ಡ ಜಮೀನಿಟ್ಟುಕೊಂಡು ದನ ಸಾಕುವವರ ದನಗಳೂ ಬಾಡಿಗೆಗೆ ಮೇಯುತ್ತವೆ.

ನೆಲ ಕೇಂದ್ರದ್ದಾದರೂ ಪ್ರಾಣಿಯ ಲೆಕ್ಕ ಇಟ್ಟುಕೊಳ್ಳುವುದು ರಾಜ್ಯ. ಹಾಗಾಗಿ ಲೈಸೆನ್ಸ್ ಕೊಡುವುದೂ ರಾಜ್ಯವೇ. ವಯೋಮಿಂಗ್ ರಾಜ್ಯದಲ್ಲಿ ಜಿಂಕೆಯಂತೆ ಕಾಣುವ ಪ್ರಾಂಗ್‌ಹಾರ್ನ್ ಅನ್ನುವ ಪ್ರಾಣಿಯ ಬೇಟೆಗೆ ಮೊದಲೇ ಅರ್ಜಿ ಹಾಕಬೇಕು, ಲಾಟರಿಯಲ್ಲಿ ಹೆಸರು ಬರಬೇಕು, ಬಂದರೂ ಅದು ಇಂಥ ನಂಬರಿನ ವಲಯ ಅಂತ ಗೊತ್ತುಮಾಡಿದ ಜಾಗಕ್ಕೆ ಮಾತ್ರ. ಬಂದೂಕಿನ ಸೀಸನ್‌ನಲ್ಲಿ ಕಣ್ಣಿಗೆ ಹೊಡೆಯುವ ಕಿತ್ತಳೆ ಇಲ್ಲವೇ ಗುಲಾಬಿ ಬಣ್ಣದ ಬಟ್ಟೆ ಹಾಕಲೇಬೇಕು.

ಪ್ರಾಂಗ್‌ಹಾರ್ನ್ ವಿಷಯ ಸ್ವಲ್ಪ ಹೇಳಿಬಿಡ್ತೀನಿ. ಅಲ್ಲಿನವರು ಸುಮ್ನೆ ‘ಆಂಟಿಲೋಪ್’ ಅಂತಾರೆ. ಆದರೆ ಅದು ಜಿಂಕೆಯೂ ಅಲ್ಲ, ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗದಂಥ ಹುಲ್ಲೆಯೂ ಅಲ್ಲ. ಅದರ ಕುಟುಂಬದಲ್ಲಿ ಉಳಿದಿರುವುದು ಅದೊಂದೇ, ಬದುಕಿರುವ ಹತ್ತಿರದ ನೆಂಟರು ಜಿರಾಫೆ ಮತ್ತು ಒಕಾಪಿ. ಗಂಟೆಗೆ 85 ಕಿ.ಮೀ. ದಾಟಿ ಓಡಬಲ್ಲದು, ಕಣ್ಣು ಮಹಾ ಚುರುಕು. ಆದರೆ ಬೇಲಿ ಹಾರುವುದು ಅದಕ್ಕೆ ಒಗ್ಗದು, ಸಾಮಾನ್ಯವಾಗಿ ಕೆಳಗಿನ ತಂತಿಯಡಿ ನುಸುಳುತ್ತದೆ. ಅದು ಇರುವ ಬಯಲಿನ ತುಂಬ ಸೇಜ್‌ಬ್ರಶ್ ಅನ್ನುವ ಬೂದುಬಣ್ಣದ ಘಾಟು ಪೊದೆ. ನಾವು ಗಣೇಶನಿಗೆ ಏರಿಸುವ ಮಾಚಿಪತ್ರೆಯ ಕುಲದ್ದೇ ಅದು. ಚಳಿಗಾಲದಲ್ಲಿ ಪ್ರಾಂಗ್‌ಹಾರ್ನ್‌ಗೆ ಮುಖ್ಯ ಮೇವು ಇದೇ. ಪೊದೆ ಎಷ್ಟೋ ಕಡೆ ಮೊಣಕಾಲಿನಷ್ಟೂ ಬೆಳೆದಿರುವುದಿಲ್ಲ, ಅದರಲ್ಲಿ ಮನುಷ್ಯ ಅಡಗುವುದೆಲ್ಲಿ? ಅದಕ್ಕೇ ಗುಡ್ಡದ ತಪ್ಪಲು ಅನುಕೂಲ. ಮೊದಲು ಬೈನಾಕ್ಯುಲರ್‌ನಲ್ಲಿ ದೂರದಿಂದ ಹಿಂಡು ಹುಡುಕಿ, ಗಾಳಿ ನೋಡಿಕೊಂಡು, ದಿಬ್ಬ ಹಳ್ಳಗಳ ಮರೆಯಲ್ಲಿ ಸುತ್ತುಹಾಕಿ, ಕೊನೆಯ ಭಾಗ ಹೊಟ್ಟೆಯ ಮೇಲೆ ತೆವಳಿಕೊಂಡು, ನೆಲಕ್ಕಂಟಿದ ಪಾಪಾಸುಕಳ್ಳಿಯ ಮುಳ್ಳು ಚುಚ್ಚಿಸಿಕೊಂಡು ಹೋಗಬೇಕು. ಸೆಪ್ಟೆಂಬರ್ ಬಿಸಿಲಿನಲ್ಲಿ ಮಾಂಸ ಬೇಗ ಕೆಡುತ್ತದೆ, ಹಾಗಾಗಿ ಹೊಡೆದ ತಕ್ಷಣ ಚರ್ಮ ಸುಲಿದು ಐಸಿಗೆ ಹಾಕುವ ಗಡಿಬಿಡಿ. ಪ್ರಾಂಗ್‌ಹಾರ್ನ್ ಮಾಂಸ ರುಚಿಯಿಲ್ಲ ಎನ್ನುವವರಲ್ಲಿ ಎಷ್ಟೋ ಜನ ಈ ಗಡಿಬಿಡಿ ಮಾಡದವರು ಅಂತ ನನ್ನ ಗುಮಾನಿ.

ಈಗ ಅಸಲಿ ತಕರಾರು. ಪಬ್ಲಿಕ್ ಲ್ಯಾಂಡ್ ಒಂದೇ ತುಂಡಾಗಿ ಇರುವುದಿಲ್ಲ. 1862ರಲ್ಲಿ ಖಂಡ ದಾಟುವ ರೈಲು ಹಾಕಿಸಲು ಸರ್ಕಾರ ರೈಲು ಕಂಪನಿಗಳಿಗೆ ಹಳಿಯ ಎರಡೂ ಬದಿ ಒಂದು ಬಿಟ್ಟು ಒಂದರಂತೆ ಚದರ ಮೈಲಿಯ ಚೌಕಗಳನ್ನು ಕೊಟ್ಟಿತು. ಒಂದೊಂದೂ 640 ಎಕರೆ. ಕಂಪನಿಯ ಚೌಕಗಳಲ್ಲಿ ಎಷ್ಟೋ ಮುಂದೆ ರಾಂಚ್‌ಗಳ ಪಾಲಾದವು, ಉಳಿದ ಚೌಕಗಳಲ್ಲಿ ಹೆಚ್ಚಿನವು ಸರ್ಕಾರದ ಬಳಿಯೇ ಉಳಿದವು. ದಕ್ಷಿಣ ವಯೋಮಿಂಗ್‌ನ ನಕ್ಷೆ ಇವತ್ತಿಗೂ ಚದುರಂಗದ ಮಣೆ. ಎರಡು ಸರ್ಕಾರಿ ಚೌಕಗಳು ಕೂಡುವುದು ಮೂಲೆಯ ಒಂದು ಬಿಂದುವಿನಲ್ಲಿ ಮಾತ್ರ. ಆ ಬಿಂದುವಿನ ಮೇಲೆ ಕಾಲೆತ್ತಿ ದಾಟಿದರೆ ಅದು ‘ಕಾರ್ನರ್ ಕ್ರಾಸಿಂಗ್’. ಕಾಲು ಖಾಸಗಿ ನೆಲ ಮುಟ್ಟಲಿಲ್ಲ, ಆದರೆ ಭುಜ ಖಾಸಗಿ ಗಾಳಿಯಲ್ಲಿ ಹಾದುಹೋಯಿತಲ್ಲ, ಇದು ಅತಿಕ್ರಮವೋ ಅಲ್ಲವೋ?

ನಗಬೇಡಿ, ಕೋರ್ಟ್‌ಗಳು ವರ್ಷಗಟ್ಟಲೆ ಇದನ್ನೇ ಕೇಳಿದವು. 2021ರಲ್ಲಿ ಮಿಸೌರಿಯಿಂದ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಬಂದ ನಾಲ್ವರು ವಯೋಮಿಂಗ್‌ನ ಎಲ್ಕ್ ಮೌಂಟನ್ ಬಳಿ ಒಂದು ಮೂಲೆಯನ್ನು ಏಣಿ ಇಟ್ಟು ದಾಟಿದರು. ಅತಿಕ್ರಮದ ಕ್ರಿಮಿನಲ್ ಕೇಸು ಬಿತ್ತು, ಜ್ಯೂರಿ ಅವರನ್ನು ಬಿಟ್ಟುಬಿಟ್ಟಿತು. ರಾಂಚ್ ಮಾಲೀಕರು ಬೇರೆ ಸಿವಿಲ್ ದಾವೆ ಹೂಡಿದರು. ಅದರಲ್ಲೂ ಬೇಟೆಗಾರರೇ ಗೆದ್ದರು, ಮೇಲ್ಮನವಿಯಲ್ಲಿ 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್ ಕೋರ್ಟ್ (ಕೆಲವು ರಾಜ್ಯಗಳ ಗುಂಪಿಗೆ ಒಂದರಂತೆ ಇರುವ ಕೇಂದ್ರದ ಮೇಲ್ಮನವಿ ಕೋರ್ಟ್‌ಗಳಲ್ಲಿ ಒಂದು) ಅದನ್ನೇ ಎತ್ತಿಹಿಡಿಯಿತು. ಆಧಾರ 1885ರ ಒಂದು ಕಾನೂನು: ಸಾರ್ವಜನಿಕ ನೆಲಕ್ಕೆ ಹೋಗುವವರನ್ನು ಬೇಲಿ ಹಾಕಿಯೋ ಹೆದರಿಸಿಯೋ ತಡೆಯುವಂತಿಲ್ಲ. ದೊಡ್ಡ ದನಗಾಹಿಗಳ ದಬ್ಬಾಳಿಕೆ ತಡೆಯಲು ಮಾಡಿದ್ದು ಈಗ ಬೇಟೆಗಾರರ ಕೈಗೆ ಬಂತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲು ಒಪ್ಪಲಿಲ್ಲ.

ತೀರ್ಪು ಅನ್ವಯಿಸುವುದು ಆ ಸರ್ಕ್ಯೂಟಿನ ಆರು ರಾಜ್ಯಗಳಿಗೆ: ವಯೋಮಿಂಗ್, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕಾನ್ಸಸ್, ಒಕ್ಲಹೋಮಾ. ಪಕ್ಕದ ಮೊಂಟಾನಾದಲ್ಲೂ ಪ್ರಾಂಗ್‌ಹಾರ್ನ್ ಧಾರಾಳವಾಗಿದೆ, ಇಂಥ ಮೂಲೆಗಳೂ ಇವೆ. ಆದರೆ ಅದು ಒಂಬತ್ತನೇ ಸರ್ಕ್ಯೂಟಿಗೆ ಸೇರಿದ್ದು, ಅಲ್ಲಿನ ವನ್ಯಜೀವಿ ಇಲಾಖೆ ಮೂಲೆ ದಾಟುವುದು ಕಾನೂನುಬಾಹಿರ ಎಂದೇ ಹೇಳಿದೆ.