ಮೂಡಿಗೆರೆಯ ತಂಪಿಗೂ ಲ್ಯಾವೆಂಡರ್ ಯಾಕೆ ಒಗ್ಗುತ್ತಿಲ್ಲ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ, ಒಳ್ಳೆ ತಂಪು ಜಾಗ. ಎರಡು ವರ್ಷ ಲ್ಯಾವೆಂಡರ್ ಸಸಿ ತಂದು ಅಂಗಳದಲ್ಲಿ ನೆಟ್ಟೆವು. ಎರಡು ಸಲವೂ ಆಗಸ್ಟ್ ಹೊತ್ತಿಗೆ ಒಣಗಿಹೋಯಿತು. ಇಲ್ಲಿನ ಚಳಿ ಸಾಲದೇ?

ಉತ್ತರ: ಪ್ರತಿ ಮಳೆಗಾಲ ಇದೇ ಪ್ರಶ್ನೆ, ಊರು ಮಾತ್ರ ಬೇರೆ. ಹೋದ ಸಲ ಸಕಲೇಶಪುರ, ಅದರ ಹಿಂದೆ ಕೊಪ್ಪ.

‘ಚಳಿದೇಶದ ಗಿಡ’ ಎಂದು ಯಾರು ಹೇಳಿಕೊಟ್ಟರೋ! ಲ್ಯಾವೆಂಡರ್‌ನ ತವರು ಮೆಡಿಟರೇನಿಯನ್ ಸೀಮೆಯ ಕಲ್ಲುಗುಡ್ಡಗಳು. ಅಲ್ಲಿ ಬೇಸಿಗೆಯೆಂದರೆ ಸುಡುಬಿಸಿಲು, ಮಳೆ ಅಪರೂಪ. ಜಮ್ಮುವಿನ ಭದೇರ್ವಾದಲ್ಲಿ ಹಿಮ ಬೀಳುವ ಇಳಿಜಾರು ಹೊಲಗಳಲ್ಲೂ ಬೆಳೆಯುತ್ತಾರೆ, ನಿಜ. ಇಂಗ್ಲಿಷ್ ಲ್ಯಾವೆಂಡರ್ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೂ ಬದುಕುತ್ತದೆ. ಆದರೆ ಬೇರು ಸದಾ ಒದ್ದೆಯಾಗಿದ್ದರೆ ಹೆಚ್ಚು ದಿನ ತಡೆಯುವುದಿಲ್ಲ. ನಿಮ್ಮಲ್ಲಿ ಜೂನ್‌ಗೆ ಹಿಡಿದ ಮಳೆ ಬಿಡುವುದು ಸೆಪ್ಟೆಂಬರ್‌ಗೆ. ಗಿಡ ಯಾವಾಗ ಸತ್ತಿತು? ಆಗಸ್ಟ್‌ನಲ್ಲಿ. ಡಿಸೆಂಬರ್ ಚಳಿ ಇನ್ನೂ ಬಂದೇ ಇರಲಿಲ್ಲವಲ್ಲ!

ಮೆಣಸಿನ ಬಳ್ಳಿ ಸೊರಗುವುದನ್ನು, ಅಡಿಕೆಗೆ ಕೊಳೆ ಬರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡಕ್ಕೂ ಕಾರಣ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು. ಅದರ ದಾಯಾದಿಗಳೇ ಲ್ಯಾವೆಂಡರ್ ಬೇರನ್ನೂ ಕೊಳೆಸುತ್ತವೆ. ಬೇರು ಕೊಳೆತರೆ ಮೇಲೆ ಎಲೆ ಬಾಡುತ್ತದೆ. ‘ಅಯ್ಯೋ, ಬಾಡಿದೆ’ ಎಂದು ನೀವು ಇನ್ನೊಂದು ಚೊಂಬು ನೀರು ಹೊಯ್ಯುತ್ತೀರಿ. ಅಲ್ಲಿಗೆ ಮುಗಿಯಿತು.

ಇನ್ನು ಮಣ್ಣು. ನಮ್ಮದು ಹುಳಿಮಣ್ಣು, ಅದಕ್ಕೇ ಕಾಫಿಗೆ ಸುಣ್ಣ ಹಾಕುತ್ತೇವೆ. ಲ್ಯಾವೆಂಡರ್ ಕೇಳುವುದೂ ಆ ಸುಣ್ಣವನ್ನೇ. ಗೊಬ್ಬರ ಬೇಡ; ಕೊಟ್ಟರೆ ಸೊಪ್ಪು ಕೊಬ್ಬುತ್ತದೆ, ಹೂ ಬರುವುದಿಲ್ಲ. ಮಣ್ಣಿನ ಕುಂಡದಲ್ಲಿ ಅರ್ಧ ಮಣ್ಣು, ಅರ್ಧ ದಪ್ಪ ಮರಳು ಮತ್ತು ಜಲ್ಲಿಚೂರು, ಒಂದು ಚಿಟಿಕೆ ಸುಣ್ಣ. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ ನೆಡಿ. ಸಿಲ್ವರ್ ಓಕ್ ನೆರಳು ಬೇಡ, ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಜೂನ್‌ಗೆ ಮೊದಲು ಕುಂಡವನ್ನು ಜಗಲಿಗೆ ಎತ್ತಿಡಿ, ಸೂರಿನ ನೀರು ಸೋರುವ ಕಡೆ ಅಲ್ಲ.

ಚಳಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ಇಂಗ್ಲಿಷ್ ಜಾತಿ ಚೆನ್ನಾಗಿ ಹೂಬಿಡಲು ನಮ್ಮ ಡಿಸೆಂಬರ್‌ಗಿಂತ ಗಟ್ಟಿ ಚಳಿ ಬೇಕು. ನೀವು ಎಲೆಯಂಚು ಗರಗಸದಂತಿರುವ ಫ್ರೆಂಚ್ ಜಾತಿ ತನ್ನಿ, ಅದಕ್ಕೆ ಆ ಹಟವಿಲ್ಲ. ನನ್ನನ್ನು ಕೇಳಿದರೆ, ಮೂಡಿಗೆರೆಗಿಂತ ಕಡೂರು, ಅರಸೀಕೆರೆಯವರಿಗೇ ಈ ಗಿಡ ಸುಲಭ. ಅವರು ಮಾತ್ರ ‘ನಮ್ಮದು ಬಯಲುಸೀಮೆ’ ಎಂದು ಆಸೆಯನ್ನೇ ಬಿಟ್ಟಿದ್ದಾರೆ! ದಖ್ಖನಿನ ಒಣ ಕಲ್ಲುನೆಲದಲ್ಲಿ ತಾನಾಗಿಯೇ ಬೆಳೆಯುವ ಕಾಡು ಲ್ಯಾವೆಂಡರ್ ಒಂದಿದೆ, ಲ್ಯಾವೆಂಡುಲಾ ಬೈಪಿನ್ನಾಟಾ ಎಂದು ಅದರ ಹೆಸರು. ಅದಕ್ಕೆ ಯಾರೂ ಹಿಮ ತಂದು ಸುರಿಯಲಿಲ್ಲ.

ಸೊಳ್ಳೆ ಓಡುತ್ತದೆಯೇ ಎಂದು ನೀವು ಕೇಳಿಲ್ಲ, ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಸುಮ್ಮನೆ ನಿಂತ ಗಿಡಕ್ಕೆ ಸೊಳ್ಳೆ ಹೆದರುವುದಿಲ್ಲ; ಎಲೆ ಉಜ್ಜಿದಾಗಲೇ ಅದರ ಎಣ್ಣೆ ಘಮ ಬಿಡುವುದು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಸೊಳ್ಳೆ ಮೊಟ್ಟೆಯಿಡುವುದೂ ಅಲ್ಲೇ, ಬೇರು ಕೊಳೆಯುವುದೂ ಅದರಿಂದಲೇ.