ಪಿಚರ್‌ನ ಕೈಯಲ್ಲಿರುವುದೆಷ್ಟು?

ಅಮೆರಿಕದ ಬೇಸ್‌ಬಾಲ್ ಋತುವಿನಲ್ಲಿ ವಾರದ ಲೆಕ್ಕದ ಫ್ಯಾಂಟಸಿ ಲೀಗ್ (ನಿಜ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರ ಪಂದ್ಯದ ಅಂಕಿಅಂಶಗಳ ಮೇಲೆ ಸ್ಪರ್ಧಿಸುವ ಆಟ) ಆಡುವವರು ಸಾಮಾನ್ಯವಾಗಿ ಸೋಮವಾರದ ಮೊದಲ ಪಂದ್ಯಕ್ಕೆ ಮುನ್ನವೇ ಸ್ಟಾರ್ಟಿಂಗ್ ಪಿಚರ್‌ಗಳನ್ನು, ಅಂದರೆ ಪಂದ್ಯದ ಆರಂಭದಿಂದ ಬ್ಯಾಟರ್‌ಗಳಿಗೆ ಚೆಂಡೆಸೆಯುವವರನ್ನು, ಆರಿಸಿಬಿಡಬೇಕು. ಆಮೇಲೆ ವಾರ ಮುಗಿಯುವವರೆಗೆ ಬದಲಿಸುವಂತಿಲ್ಲ. ಆಗ ಬಹುಪಾಲು ಮಂದಿಯ ಕಣ್ಣು ಹೋಗುವುದು ಕಳೆದ ಒಂದೆರಡು ಪಂದ್ಯಗಳ ಇಆರ್‌ಎ ಕಡೆಗೆ, ಅಂದರೆ ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿಯ ಕಡೆಗೆ; ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. 'ಈತನಿಗೀಗ ಕೈ ಕುದುರಿದೆ' ಎಂಬ ಈ ನಂಬಿಕೆಗೂ ಗಿಳಿಶಾಸ್ತ್ರಕ್ಕೂ ನನಗೆ ಹೆಚ್ಚಿನ ಅಂತರ ಕಾಣುವುದಿಲ್ಲ. ಗಿಳಿಯಾದರೂ ದಶಮಾಂಶದಲ್ಲಿ ಭವಿಷ್ಯ ಹೇಳುವುದಿಲ್ಲ.

1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕಿನ ಒಂದು ರೆಸ್ಟೋರೆಂಟಿನ ಹೆಸರಿನಲ್ಲಿ 'ರೊಟಿಸರಿ' ಎಂಬ ಫ್ಯಾಂಟಸಿ ಲೀಗ್ ಆರಂಭಿಸಿದಾಗ ಪಿಚರ್‌ನ ಅಳತೆಗೋಲುಗಳಲ್ಲಿ ಗೆಲುವು, ಇಆರ್‌ಎಗಳೂ ಇದ್ದವು. ಗೆಲುವು ಎಂಥ ಅಳತೆಗೋಲೆಂಬುದಕ್ಕೆ ಪಿಚರ್ ಜೇಕಬ್ ಡಿಗ್ರಾಮ್ ಸಾಕ್ಷಿ: 2018ರಲ್ಲಿ ಆತನ ಇಆರ್‌ಎ 1.70 ಇದ್ದರೂ ತನ್ನದೇ ತಂಡದ ಬ್ಯಾಟರ್‌ಗಳು ರನ್ ಗಳಿಸದೆ ಆತನ ಹೆಸರಿಗೆ ಬಂದದ್ದು ಹತ್ತೇ ಗೆಲುವು.

ಇಆರ್‌ಎಯ ಬುಡ ಅಲುಗಾಡಿದ್ದು 2001ರಲ್ಲಿ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು), ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್), ಹೋಮ್ ರನ್ (ಸಾಮಾನ್ಯವಾಗಿ ಬೇಲಿ ದಾಟುವ ಹೊಡೆತ)ಗಳಲ್ಲಿ ಫೀಲ್ಡರ್‌ಗಳ ಪಾತ್ರ ಬಹುಮಟ್ಟಿಗೆ ಇಲ್ಲ. ಆದರೆ ಬ್ಯಾಟಿಗೆ ತಗುಲಿ ಮೈದಾನದೊಳಗೇ ಬೀಳುವ ಚೆಂಡು ಹಿಟ್ (ಬ್ಯಾಟರ್ ಸುರಕ್ಷಿತವಾಗಿ ಬೇಸ್ ಮುಟ್ಟುವ ಹೊಡೆತ) ಆಗುವುದೋ ಔಟ್ ಆಗುವುದೋ ಎಂಬುದರಲ್ಲಿ ಪಿಚರ್‌ಗಳ ನಡುವೆ ವ್ಯತ್ಯಾಸ ತೀರ ಕಡಿಮೆ ಎಂದು ಬೇಸ್‌ಬಾಲ್ ಅಂಕಿಅಂಶಗಳ ವಿಶ್ಲೇಷಕ ವೊರೊಸ್ ಮೆಕ್‌ಕ್ರ್ಯಾಕನ್ ತೋರಿಸಿದ. ಅಂಥ ಚೆಂಡುಗಳಲ್ಲಿ ನೂರಕ್ಕೆ ಸುಮಾರು ಮೂವತ್ತು ಹಿಟ್ ಆಗುತ್ತವೆ, ಎಸೆದವನು ಯಾರೇ ಆಗಿರಲಿ. ಪೆಡ್ರೊ ಮಾರ್ಟಿನೆಸ್‌ನಂಥ ದಿಗ್ಗಜ ಪಿಚರ್‌ಗೂ ಈ ಪ್ರಮಾಣ 1999ರಲ್ಲಿ ನೂರಕ್ಕೆ 32ರ ಆಸುಪಾಸು, ಮರುವರ್ಷವೇ 24ರ ಆಸುಪಾಸು. ಕೌಶಲ ಒಂದೇ ಚಳಿಗಾಲದಲ್ಲಿ ಅಷ್ಟು ಮೇಲಕ್ಕೇರುವುದಿಲ್ಲ. ನಂತರದ ಅಧ್ಯಯನಗಳು ಈ ಮಾತನ್ನು ತುಸು ಮೆದುಗೊಳಿಸಿದವಾದರೂ ತಿರುಳು ಉಳಿದುಕೊಂಡಿತು.

ಚೌಕಾಬಾರದ ಕವಡೆಯನ್ನು ನೆನಪಿಸಿಕೊಳ್ಳಿ. ಹತ್ತರಲ್ಲಿ ಮೂರು ಸಲ ಬಾಯಿ ಮೇಲಾಗಿ ಬೀಳುವ ಕವಡೆಯೊಂದಿದೆ, ಹಾಗೆ ಬಿದ್ದರೆ ಹಿಟ್ ಎನ್ನೋಣ. ಒಂದು ಪಂದ್ಯದಲ್ಲಿ ಪಿಚರ್ ಎದುರು ಇಂಥ ಚೆಂಡುಗಳು ಹದಿನೇಳು ಎಂದುಕೊಂಡು ಅಷ್ಟೇ ಸಲ ಕವಡೆ ಎಸೆದರೆ ಸರಾಸರಿ ಐದು ಹಿಟ್. ಆದರೆ ನೂರರಲ್ಲಿ ಸುಮಾರು ಎಂಟು ದಿನ ಎರಡೋ ಅದಕ್ಕೂ ಕಡಿಮೆಯೋ ಬೀಳುತ್ತವೆ, ಸುಮಾರು ಹತ್ತು ದಿನ ಎಂಟೋ ಅದಕ್ಕೂ ಹೆಚ್ಚೋ ಬೀಳುತ್ತವೆ. ಕವಡೆ ಅದೇ, ಕೈಯೂ ಅದೇ. ಪತ್ರಿಕೆ ಮಾತ್ರ ಮೊದಲಿನವನನ್ನು ಮಾಂತ್ರಿಕನೆಂದೂ ಎರಡನೆಯವನನ್ನು ಮುಗಿದ ಆಟಗಾರನೆಂದೂ ಬರೆಯುತ್ತದೆ. ಒಂದೇ ಮಳೆಗೆ ಹಿಡಿದ ಎರಡು ಬಟ್ಟಲುಗಳಲ್ಲಿ ಒಂದರಲ್ಲಿ ನಾಲ್ಕು ಹನಿ ಹೆಚ್ಚಿದ್ದರೆ ಆ ಕಡೆಯ ಮೋಡ ದಪ್ಪವೆಂದು ತೀರ್ಮಾನಿಸಿದಂತೆ ಇದು.

ಹಾಗಾಗಿ ಸೋಮವಾರದ ಆಯ್ಕೆಗೆ ನಾನು ನೋಡುವುದು, ಎದುರಿಸಿದ ಬ್ಯಾಟರ್‌ಗಳಲ್ಲಿ ನೂರಕ್ಕೆ ಎಷ್ಟು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ್ದಾನೆ ಎಂಬುದರಿಂದ ಎಷ್ಟು ಮಂದಿಗೆ ವಾಕ್ ಕೊಟ್ಟಿದ್ದಾನೆ ಎಂಬುದನ್ನು ಕಳೆದಾಗ ಉಳಿಯುವ ಸಂಖ್ಯೆಯನ್ನು. ಐವರ ಸರದಿಯಿರುವ ತಂಡದಲ್ಲಿ ಸೋಮವಾರ ಅಥವಾ ಮಂಗಳವಾರ ಎಸೆದವನು ವಾರಾಂತ್ಯದಲ್ಲಿ ಮತ್ತೆ ಎಸೆಯುವ ಸಾಧ್ಯತೆ ಇದ್ದು, ಇಂಥ ಜೋಡಿ ಪಂದ್ಯದ ಪಿಚರ್‌ಗೆ ಎಲ್ಲರೂ ಮುಗಿಬೀಳುತ್ತಾರೆ. ಹದಿನೇಳು ಚೆಂಡು ಮೂವತ್ತನಾಲ್ಕಾದಾಗ ಹಿಟ್ ಪ್ರಮಾಣದಲ್ಲಿ ಅದೃಷ್ಟದ ಏರಿಳಿತ ಸುಮಾರು ಶೇಕಡಾ 30ರಷ್ಟು ತಗ್ಗುತ್ತದೆ ಎಂಬುದು ನಿಜ, ಆದರೆ ವಾಕ್ ಕೊಡುವ ಚಾಳಿಯವನು ಅದೇ ತಪ್ಪನ್ನು ಎರಡು ಸಲ ಮಾಡುತ್ತಾನೆಂಬುದೂ ಅಷ್ಟೇ ನಿಜ. ಆ ಎರಡರಲ್ಲಿ ಒಂದು ಪಂದ್ಯ ಸುಮಾರು 1,600 ಮೀಟರ್ ಎತ್ತರದ ಡೆನ್ವರ್‌ನಲ್ಲಿದ್ದರೆ, ಅಲ್ಲಿನ ತೆಳುಗಾಳಿಯಲ್ಲಿ ತಿರುಗುವ ಚೆಂಡು ಬಾಗುವುದು ಕಡಿಮೆ, ಹೊಡೆದ ಚೆಂಡು ಹಾರುವುದು ಹೆಚ್ಚು. 2002ರಿಂದ ಚೆಂಡುಗಳನ್ನು ತೇವ ಕಾಯ್ದ ಕೋಣೆಯಲ್ಲಿ ಇಡುತ್ತಿದ್ದರೂ ಹೊರಗಿನ ಗಾಳಿಯನ್ನು ಯಾರೂ ದಪ್ಪ ಮಾಡಲಾಗಿಲ್ಲ. ಅಂಥ ವಾರ ಆ ಪಿಚರ್ ನನ್ನ ಬೆಂಚಿನ ಮೇಲೆಯೇ ಕೂರುತ್ತಾನೆ.