ಸ್ಟ್ರಕ್ಟಿಗೆ ಪ್ಯಾಕ್ಡ್ ಹಾಕಿದ ಮೇಲೂ ಅಲೈನ್‌ಮೆಂಟ್ ಫಾಲ್ಟ್ ಯಾಕೆ?

ಪ್ರಶ್ನೆ: ಲಿನಕ್ಸಿಗೆ ಒಂದು ಚಿಕ್ಕ ಡ್ರೈವರ್ ಬರೆದಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ. ಅದೇ ಕೋಡನ್ನು 32 ಬಿಟ್ ಆರ್ಮ್ ಬೋರ್ಡಿಗೆ ಹಾಕಿದರೆ 'ಅಲೈನ್‌ಮೆಂಟ್ ಎಕ್ಸೆಪ್ಶನ್' ಅಂತ ಬಂದು ಕರ್ನಲ್ ಬೀಳುತ್ತದೆ. ಎಲ್ಲ ಸ್ಟ್ರಕ್ಟುಗಳಿಗೂ ಪ್ಯಾಕ್ಡ್ ಹಾಕಿ ನೋಡಿದೆ, ಆದರೂ ಹೋಗಲಿಲ್ಲ. ಇನ್ನೇನು ಮಾಡಲಿ?

ಉತ್ತರ: ಈಗ ಪ್ಯಾಕ್ಡ್ ಹಾಕಿದ್ದರಿಂದಲೇ ಬೀಳುತ್ತಿರುವ ಸಾಧ್ಯತೆ ಜಾಸ್ತಿ. ಡ್ರೈವರ್ ಬರೆಯಲು ಹೊರಟ ಹೆಚ್ಚುಕಮ್ಮಿ ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ಅಲೈನ್‌ಮೆಂಟ್ ನಿಯಮ, ಅಂದರೆ ಡೇಟಾ ಎಂಥ ವಿಳಾಸದಲ್ಲಿ ಕೂರಬೇಕು ಅನ್ನುವುದು. 4 ಬೈಟಿನ ಸಂಖ್ಯೆ 4ರಿಂದ ಭಾಗವಾಗುವ ವಿಳಾಸದಲ್ಲಿ ಕೂರಬೇಕು, 2 ಬೈಟಿನದು ಸಮಸಂಖ್ಯೆಯ ವಿಳಾಸದಲ್ಲಿ. ನೀವು ಮಾಮೂಲಿಯಾಗಿ ಸ್ಟ್ರಕ್ಟ್ (ಫೀಲ್ಡುಗಳ ಗುಂಪು) ಬರೆದರೆ ಕಂಪೈಲರೇ ಬೇಕಾದ ಕಡೆ ಖಾಲಿ ಬೈಟು ತುಂಬಿ ಇದನ್ನು ನೋಡಿಕೊಳ್ಳುತ್ತದೆ. ಪ್ಯಾಕ್ಡ್ ಹಾಕಿದರೆ ಆ ಖಾಲಿ ಬೈಟು ಹೋಗಿ ಎಲ್ಲವೂ ಒತ್ತೊತ್ತಾಗಿ ಕೂರುತ್ತವೆ.

ಈಗ ನಿಮ್ಮ ಡ್ರೈವರ್ ಹೀಗಿದೆ ಅಂದುಕೊಳ್ಳಿ. ಸಾಧನದಿಂದ ಬರುವ ಹೆಡರ್ 7 ಬೈಟು: 1 ಬೈಟಿನ ವಿಧ, 4 ಬೈಟಿನ ಉದ್ದ, 2 ಬೈಟಿನ ಕ್ರಮಸಂಖ್ಯೆ. ಇದನ್ನು ಒಳಗಿಟ್ಟುಕೊಂಡ ಇನ್ನೊಂದು ದೊಡ್ಡ ಸ್ಟ್ರಕ್ಟ್ ಇದೆ, ಅದು ಡ್ರೈವರಿನ ಸ್ವಂತದ್ದು. ಅದರಲ್ಲಿ ಹೆಡರ್ ಆದ ಮೇಲೆ ಒಂದು ಅಟಾಮಿಕ್ ಎಣಿಕೆ, ಅಂದರೆ ನಡುವೆ ಬೇರೆ ಯಾರೂ ಕೈಹಾಕದಂತೆ ಒಂದೇ ಏಟಿಗೆ ಬದಲಾಗುವ ಸಂಖ್ಯೆ. ಎರಡಕ್ಕೂ ಪ್ಯಾಕ್ಡ್ ಹಾಕಿದ್ದೀರಿ. ಮೆಮೊರಿ ಕೇಳಿದಾಗ ಕರ್ನಲ್ಲಿನ ಕೆಮ್ಯಾಲಾಕ್ ಫಂಕ್ಷನ್ ಕೊಡುವ ವಿಳಾಸ ಏನೂ ತೊಂದರೆಯಿಲ್ಲ, 8ರಿಂದ ಭಾಗವಾಗುತ್ತದೆ. ಆದರೆ ಅಟಾಮಿಕ್ ಎಣಿಕೆ ಅಲ್ಲಿಂದ (0ಯಿಂದ ಎಣಿಸಿದರೆ) 7ನೇ ಬೈಟಿಗೆ ಬಂದು ಕೂತಿತು. ಹೊರಗಿನ ಸ್ಟ್ರಕ್ಟಿಗೆ ಪ್ಯಾಕ್ಡ್ ಇಲ್ಲದಿದ್ದರೆ ಕಂಪೈಲರ್ ಒಂದು ಬೈಟು ಬಿಟ್ಟು 8ಕ್ಕೆ ಕೂರಿಸುತ್ತಿತ್ತು, ಏನೂ ಆಗುತ್ತಿರಲಿಲ್ಲ.

7ರಲ್ಲಿ ಕೂತರೆ ಏನಾಗುತ್ತದೆ? ಆ ಎಣಿಕೆಯನ್ನು ಒಂದು ಹೆಚ್ಚಿಸಲು ಅದರ ವಿಳಾಸವನ್ನು ಅಟಾಮಿಕ್ ಫಂಕ್ಷನ್ನಿಗೆ ಕೊಡುತ್ತೀರಿ. ಕೊಟ್ಟ ಕ್ಷಣ ಪ್ಯಾಕ್ಡ್ ಅನ್ನುವ ಮಾಹಿತಿ ಕಳೆದುಹೋಯಿತು. ಆ ಫಂಕ್ಷನ್ನಿಗೆ ಕಾಣುವುದು ಬರೀ ಒಂದು ಪಾಯಿಂಟರ್. ಸರಿಯಾದ ಜಾಗದಲ್ಲೇ ಇದೆ ಅಂತ ನಂಬಿ ಅದು, ಅಟಾಮಿಕ್ ಓದಿಗೆಂದೇ ಇರುವ ಎಲ್‌ಡಿಆರ್‌ಇಎಕ್ಸ್ ಇನ್‌ಸ್ಟ್ರಕ್ಷನ್ ಓಡಿಸುತ್ತದೆ. ಆರ್ಮ್‌ವಿ7ರಲ್ಲಿ (32 ಬಿಟ್ ಆರ್ಮ್‌ನ ಒಂದು ಪೀಳಿಗೆ) ಮಾಮೂಲಿ ಓದಿನ ಎಲ್‌ಡಿಆರ್ ಬೆಸ ವಿಳಾಸದಿಂದಲೂ ಓದಬಲ್ಲದು. ಎಲ್‌ಡಿಆರ್‌ಇಎಕ್ಸ್‌ಗೆ ಆ ಸಲಿಗೆ ಇಲ್ಲ, ನೇರವಾಗಿ ಫಾಲ್ಟ್.

ಹೀಗೆ ಪ್ಯಾಕ್ಡ್ ಸ್ಟ್ರಕ್ಟಿನ ಒಳಗಿನ ಫೀಲ್ಡಿನ ವಿಳಾಸ ಹಿಡಿದರೆ ಎಚ್ಚರಿಸುವ ವಾರ್ನಿಂಗ್ ಜಿಸಿಸಿ ಕಂಪೈಲರಿನ 9ನೇ ಆವೃತ್ತಿಯಿಂದಲೇ ಇದೆ. ಆದರೆ ಲಿನಕ್ಸ್ ಕರ್ನಲ್ ಬಿಲ್ಡಿನಲ್ಲಿ ಅದನ್ನು ಆಫ್ ಮಾಡಿಟ್ಟಿದ್ದಾರೆ. ಅದಕ್ಕೇ ನಿಮಗೆ ಯಾರೂ ಏನೂ ಹೇಳಲಿಲ್ಲ.

ಹಾಗಾದರೆ ಲ್ಯಾಪ್‌ಟಾಪಿನಲ್ಲಿ ಹೇಗೆ ಓಡಿತು? ಲ್ಯಾಪ್‌ಟಾಪಿನ ಎಕ್ಸ್86 ಪ್ರೊಸೆಸರ್ ಈ ವಿಷಯದಲ್ಲಿ ಬಹಳ ಉದಾರಿ. ಬೆಸ ವಿಳಾಸದಲ್ಲಿ ಅಟಾಮಿಕ್ ಕೆಲಸವನ್ನೂ ಮಾಡಿಕೊಡುತ್ತದೆ. ಆದರೆ ಆ 4 ಬೈಟುಗಳು 64 ಬೈಟಿನ ಎರಡು ಕ್ಯಾಶ್ ಲೈನುಗಳ (ಪ್ರೊಸೆಸರ್ ಮೆಮೊರಿಯನ್ನು ಒಮ್ಮೆಗೆ ತರುವ ತುಂಡುಗಳ) ನಡುವೆ ಹಂಚಿಹೋದರೆ ಇಡೀ ಮೆಮೊರಿ ಬಸ್ಸನ್ನೇ ಲಾಕ್ ಮಾಡಬೇಕಾಗುತ್ತದೆ. ಇದಕ್ಕೆ ಸ್ಪ್ಲಿಟ್ ಲಾಕ್ ಅನ್ನುತ್ತಾರೆ. 2020ರಲ್ಲಿ ಬಂದ ಲಿನಕ್ಸ್ 5.7ರಿಂದ, ಸೌಲಭ್ಯ ಇರುವ ಹೊಸ ಇಂಟೆಲ್ ಪ್ರೊಸೆಸರುಗಳಲ್ಲಿ ಇದನ್ನು ಪತ್ತೆಹಚ್ಚುತ್ತಾರೆ. ಕರ್ನಲ್ ಕೋಡೇ ಈ ತಪ್ಪು ಮಾಡಿದರೆ ಅಲ್ಲೂ ಊಪ್ಸ್ (ಕರ್ನಲ್ ದೋಷ) ಗ್ಯಾರಂಟಿ. ನಿಮ್ಮದು ಬಚಾವಾಗಿದ್ದು 7ನೇ ಬೈಟು ಕ್ಯಾಶ್ ಲೈನಿನ ಅಂಚಿನಲ್ಲಿ ಇರಲಿಲ್ಲ ಎಂಬ ಕಾರಣಕ್ಕೆ, ಅಷ್ಟೇ. ಅಲೈನ್‌ಮೆಂಟ್ ವಿಷಯದಲ್ಲಿ 'ನನ್ನ ಮೆಷೀನಲ್ಲಿ ಓಡಿತಲ್ಲ' ಅನ್ನುವುದಕ್ಕೆ ಬೆಲೆಯೇ ಇಲ್ಲ.

ಸರಿಪಡಿಸುವುದು ಕಷ್ಟವಲ್ಲ. ಪ್ಯಾಕ್ಡ್ ಇರಬೇಕಾದದ್ದು ಸಾಧನ ಅಥವಾ ನೆಟ್‌ವರ್ಕ್ ಬೈಟು ಬೈಟಾಗಿ ನಿಗದಿ ಮಾಡಿದ ಸ್ಟ್ರಕ್ಟಿಗೆ ಮಾತ್ರ, ಅಂದರೆ ನಿಮ್ಮ 7 ಬೈಟಿನ ಹೆಡರಿಗೆ. ಹೊರಗಿನದರಿಂದ ತೆಗೆದುಹಾಕಿ. ಲಾಕು, ಅಟಾಮಿಕ್ಕು, ಲಿಸ್ಟು, ಪಾಯಿಂಟರು ಯಾವುದೂ ಪ್ಯಾಕ್ಡ್ ಸ್ಟ್ರಕ್ಟಿನೊಳಗೆ ಇರಬಾರದು. ಒಂದು ಕಡೆ ಫಾಲ್ಟ್ ಬಂತು ಅಂತ ಎಲ್ಲ ಕಡೆ ಪ್ಯಾಕ್ಡ್ ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಒಂದು ಎಚ್ಚರ ಮಾತ್ರ ಬೇಕು: ಆ ಸ್ಟ್ರಕ್ಟನ್ನು ಐಆಕ್ಟಲ್ (ಪ್ರೋಗ್ರಾಮುಗಳು ಡ್ರೈವರಿನೊಡನೆ ಮಾತಾಡುವ ಕರೆ) ಮೂಲಕ ಯೂಸರ್ ಪ್ರೋಗ್ರಾಮುಗಳಿಗೂ ಕೊಟ್ಟಾಗಿದ್ದರೆ ಸುಮ್ನೆ ತೆಗೆಯುವ ಹಾಗಿಲ್ಲ, ಅಳತೆ ಬದಲಾಗಿ ಅವು ಮುರಿಯುತ್ತವೆ.

ಇಷ್ಟಕ್ಕೇ ಮುಗಿಯಲಿಲ್ಲ. ನೀವು ಮೊದಲ ಸಲ ಪ್ಯಾಕ್ಡ್ ಹಾಕಲು ಏನೋ ಕಾರಣ ಇದ್ದೇ ಇರುತ್ತದೆ, ಅಲ್ವಾ? ಸಾಮಾನ್ಯವಾಗಿ ಅದು ಕಾಸ್ಟ್, ಅಂದರೆ ಒಂದು ಬಗೆಯ ಪಾಯಿಂಟರನ್ನು ಇನ್ನೊಂದು ಬಗೆಯದೆಂದು ಹೇಳಿಬಿಡುವುದು. ಬೈಟುಗಳ ಬಫರ್ ಬರುತ್ತದೆ, ಅದರ 1ನೇ ಬೈಟಿನಿಂದ ಉದ್ದ ಓದಬೇಕು. ಬಫರ್ ಪಾಯಿಂಟರಿಗೆ 1 ಕೂಡಿಸಿ, ಯು32 (4 ಬೈಟಿನ ಸಂಖ್ಯೆ) ಪಾಯಿಂಟರಿಗೆ ಕಾಸ್ಟ್ ಮಾಡಿ ಓದಿಬಿಡುತ್ತೇವೆ. ಸಿ ಭಾಷೆಯ ನಿಯಮದ ಪ್ರಕಾರ ಈ ಕಾಸ್ಟೇ ತಪ್ಪು. 'ಈ ವಿಳಾಸ 4ರಿಂದ ಭಾಗವಾಗುತ್ತದೆ' ಅಂತ ಕಂಪೈಲರಿಗೆ ಸುಳ್ಳು ಮಾತು ಕೊಟ್ಟ ಹಾಗಾಯಿತು.

ಆ ಸುಳ್ಳು ಕೆಲವೊಮ್ಮೆ ತಿಂಗಳುಗಟ್ಟಲೆ ಸಿಕ್ಕಿಬೀಳುವುದಿಲ್ಲ. ಒಂದೇ ಫೀಲ್ಡ್ ಓದುವವರೆಗೆ ಎಲ್‌ಡಿಆರ್ ಬರುತ್ತಿತ್ತು, ನಡೆಯುತ್ತಿತ್ತು. ಒಂದು ದಿನ ಅದರ ಪಕ್ಕದ 4 ಬೈಟಿನ ಫೀಲ್ಡನ್ನೂ ಓದುವ ಸಾಲು ಸೇರಿಸಿದಿರಿ. ಕಂಪೈಲರ್ ಎರಡನ್ನೂ ಕೂಡಿಸಿ, ಒಟ್ಟಿಗೆ ಓದುವ ಒಂದು ಎಲ್‌ಡಿಆರ್‌ಡಿ ಅಥವಾ ಎಲ್‌ಡಿಎಂ ಮಾಡಿತು. ಇವಕ್ಕೆ ಅಲೈನ್‌ಮೆಂಟ್ ಬೇಕೇ ಬೇಕು. ಹೊಸ ಸಾಲಿನಲ್ಲಿ ತಪ್ಪೇ ಇಲ್ಲ, ಆದರೂ ಬೈಗುಳ ಅದಕ್ಕೆ.

ಇಲ್ಲಿ ಸರಿಯಾದ ದಾರಿ ಕರ್ನಲ್ಲೇ ಕೊಟ್ಟಿದೆ: ಗೆಟ್_ಅನ್‌ಅಲೈನ್ಡ್_ಎಲ್‌ಇ32. ಬೈಟ್ ಪಾಯಿಂಟರನ್ನು ಹಾಗೇ ಕೊಡಿ, ಕಾಸ್ಟ್ ಬೇಡ. ಲಿಟಲ್ ಎಂಡಿಯನ್ (ಕಡಿಮೆ ಬೆಲೆಯ ಬೈಟು ಮೊದಲು) ಲೆಕ್ಕವನ್ನೂ ಅದೇ ನೋಡಿಕೊಳ್ಳುತ್ತದೆ. ಬಿಗ್ ಎಂಡಿಯನ್ ಆದರೆ ಬಿಇ32, ಬರೆಯಲು ಪುಟ್_ಅನ್‌ಅಲೈನ್ಡ್ ಕುಟುಂಬ. ನಿಧಾನ ಆಗುತ್ತದೆ ಅಂತ ಹೆದರಬೇಕಿಲ್ಲ. ಎಕ್ಸ್86ನಲ್ಲಿ ಇದು ಮಾಮೂಲಿ ಓದಾಗಿಯೇ ಇಳಿಯುತ್ತದೆ. ಬೈಟು ಬೈಟಾಗಿ ಜೋಡಿಸುವ ಕೆಲಸ ಬರುವುದು ಅದು ಬೇಕಾದ ಪ್ರೊಸೆಸರಿನಲ್ಲಿ ಮಾತ್ರ. ಹೆಡರ್ ಫೈಲು ಹಿಂದೆ ಎಎಸ್‌ಎಂ ಫೋಲ್ಡರಿನಲ್ಲಿತ್ತು. 2024ರ 6.12ರಿಂದ ಲಿನಕ್ಸ್ ಫೋಲ್ಡರಿಗೆ ಬಂದಿದೆ. ಹಳೆ ಡ್ರೈವರ್ ಹೊಸ ಕರ್ನಲ್ಲಿನಲ್ಲಿ ಕಂಪೈಲ್ ಆಗದಿದ್ದರೆ ಇದನ್ನೂ ನೋಡಿ.

ಮೆಮ್‌ಕಾಪಿ ಬಳಸಿದರೂ ಆಗುತ್ತದೆ, ಆದರೆ ಮೂಲ ಪಾಯಿಂಟರ್ ಬೈಟಿನದೇ ಆಗಿರಬೇಕು. ಮೊದಲು ಯು32ಕ್ಕೆ ಕಾಸ್ಟ್ ಮಾಡಿ ಆಮೇಲೆ ಮೆಮ್‌ಕಾಪಿ ಮಾಡಿದರೆ ಕಂಪೈಲರ್ ಹಳೆಯ ಸುಳ್ಳನ್ನೇ ನಂಬಿ ಮತ್ತೆ ಒಂದೇ ಏಟಿಗೆ ಓದುವ ಕೋಡ್ ಕೊಡಬಹುದು.

ಕೆಲವು ಕಡೆ ಓದುವ ರೀತಿ ಬದಲಿಸುವುದಕ್ಕಿಂತ ಡೇಟಾವನ್ನೇ ಸರಿಸುವುದು ಜಾಣತನ. ಈಥರ್‌ನೆಟ್ ಹೆಡರ್ 14 ಬೈಟು. ಪ್ಯಾಕೆಟ್ ಸರಿಯಾದ ವಿಳಾಸದಿಂದ ಶುರುವಾದರೆ ಅದರ ನಂತರದ ಐಪಿ ಹೆಡರ್ 14ರಲ್ಲಿ ಬೀಳುತ್ತದೆ, ಅದು 4ರಿಂದ ಭಾಗವಾಗುವುದಿಲ್ಲ. ಐಪಿ ಹೆಡರನ್ನು ಓದುವ ಜಾಗ ನೆಟ್‌ವರ್ಕ್ ಕೋಡಿನಲ್ಲಿ ಎಷ್ಟೋ ಇವೆ, ಎಲ್ಲವನ್ನೂ ಬದಲಿಸುತ್ತಾ ಕೂರಲಾಗುತ್ತದೆಯೇ? ಅದಕ್ಕೆ ಬಫರಿನ ತಲೆಗೆ 2 ಬೈಟು ಖಾಲಿ ಬಿಟ್ಟರು, ಐಪಿ ಹೆಡರ್ 16ಕ್ಕೆ ಬಂತು. ನೆಟ್_ಐಪಿ_ಅಲೈನ್ ಅನ್ನುವುದು ಈ 2. ತಮಾಷೆ ಅಂದರೆ ಎಕ್ಸ್86ನಲ್ಲಿ ಅದರ ಬೆಲೆ 0. ಅಲ್ಲಿ ಅಲೈನ್ ಆಗದ ಓದು ಅಗ್ಗ, ಅಲೈನ್ ಆಗದ ವಿಳಾಸಕ್ಕೆ ಡಿಎಂಎ (ಸಾಧನವೇ ನೇರವಾಗಿ ಮೆಮೊರಿಗೆ ಬರೆಯುವುದು) ಮಾಡಿಸುವುದೇ ದುಬಾರಿ.

ಇನ್ನು ಹುಡುಕುವುದು. ನಿಮ್ಮ ಬೋರ್ಡಿನಲ್ಲಿ /ಪ್ರಾಕ್/ಸಿಪಿಯು/ಅಲೈನ್‌ಮೆಂಟ್ ಫೈಲು ಇದ್ದರೆ ಮೊದಲು ಅದನ್ನು ಕ್ಯಾಟ್ ಮಾಡಿ. ಆ ಫೈಲು ಇರುವ 32 ಬಿಟ್ ಆರ್ಮ್ ಕರ್ನಲ್ ತನ್ನದೇ ಕೋಡಿನಲ್ಲಿ ಎಲ್‌ಡಿಎಂ, ಎಲ್‌ಡಿಆರ್‌ಡಿ ಎಡವಿದರೆ ಸದ್ದಿಲ್ಲದೆ ತಾನೇ ಆ ಕೆಲಸ ಮಾಡಿ ಮುಂದೆ ಹೋಗುತ್ತದೆ. ಎಲ್‌ಡಿಆರ್‌ಇಎಕ್ಸ್ ಬಂದಾಗ ಮಾತ್ರ ಕೈಚೆಲ್ಲುತ್ತದೆ. ಹಾಗಾಗಿ ನಿಮಗೆ ಕಂಡದ್ದು ಒಂದು ಬಗ್ ಆದರೂ ಒಳಗೆ ಇನ್ನಷ್ಟು ಅಡಗಿರಬಹುದು. ಆ ಫೈಲಿನ 'ಸಿಸ್ಟಮ್' ಸಾಲಿನಲ್ಲಿ ಎಷ್ಟು ಸಲ ಹೀಗಾಯಿತು, ಕೊನೆಯ ಸಲ ಯಾವ ಫಂಕ್ಷನ್ನಿನಲ್ಲಿ ಅಂತ ಇರುತ್ತದೆ. ಡ್ರೈವರ್ ಓಡಿಸಿ, ಅಂಕಿ ಏರುತ್ತಿದೆಯಾ ನೋಡಿ. ಏರಿದರೆ ಹೆಸರೂ ಅಲ್ಲೇ ಸಿಕ್ಕಿತು.

ಪಾಹೋಲ್ ಅನ್ನುವ ಟೂಲು ಸ್ಟ್ರಕ್ಟಿನ ಪ್ರತಿ ಫೀಲ್ಡ್ ಎಷ್ಟನೇ ಬೈಟಿನಲ್ಲಿದೆ ಅಂತ ತೋರಿಸುತ್ತದೆ. ಅಟಾಮಿಕ್ ಪಕ್ಕ 7 ಅಂತ ಕಂಡರೆ ಮತ್ತೆ ಯೋಚಿಸುವುದೇ ಬೇಡ. ಓಡುವಾಗಲೇ ಸಿ ಭಾಷೆಯ ತಪ್ಪು ಹಿಡಿಯುವ ಯುಬಿಸ್ಯಾನ್‌ನಲ್ಲೂ ಅಲೈನ್‌ಮೆಂಟ್ ಪರೀಕ್ಷೆ ಇದೆ. ಆದರೆ ಅಲೈನ್ ಆಗದ ಓದು ಅಗ್ಗ ಅಂತ ಕರ್ನಲ್ ಗುರುತಿಸಿದ ಕಡೆ ಆ ಆಯ್ಕೆ ಕಾನ್ಫಿಗ್‌ನಲ್ಲಿ ತಾನಾಗಿ ಆನ್ ಆಗಿರುವುದಿಲ್ಲ. ಎಕ್ಸ್86, ಆರ್ಮ್‌ವಿ7 ಎರಡೂ ಈ ಪಟ್ಟಿಯಲ್ಲಿವೆ. ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ, ಆ ಪಟ್ಟಿಯಲ್ಲಿಲ್ಲದ ಮಿಪ್ಸ್ ಪ್ರೊಸೆಸರಿನ ಕರ್ನಲ್ ಎಬ್ಬಿಸಿ ಅಲ್ಲಿ ಓಡಿಸಬಹುದು, ಹಾರ್ಡ್‌ವೇರ್ ಮುಟ್ಟದ ಪಾರ್ಸಿಂಗ್ ಭಾಗಕ್ಕೆ ಅಷ್ಟು ಸಾಕು.

ಕೊನೆಗೆ ಹೆಡರ್ ಸ್ಟ್ರಕ್ಟಿನ ಕೆಳಗೆ ಅದರ ಅಳತೆ 7 ಎಂದು ಒಂದು ಸ್ಟ್ಯಾಟಿಕ್ ಅಸರ್ಟ್ ಹಾಕಿಬಿಡಿ. ನಾಳೆ ಯಾರಾದರೂ ಆ ಹೆಡರಿನ ಪ್ಯಾಕ್ಡ್ ತೆಗೆದರೆ ಅಥವಾ ಅದರೊಳಗೆ ಹೊಸ ಫೀಲ್ಡ್ ತುರುಕಿದರೆ ಬೋರ್ಡಿಗೆ ಹೋಗುವ ಮೊದಲೇ ಕಂಪೈಲ್ ನಿಲ್ಲುತ್ತದೆ.